ಉಕ್ಕೇ, ಅದಕ್ಕೇ ಹೇಳ್ತಿರೋದು

ಕೊಡಗಿನಲ್ಲಿ ನಾವು ಆಯುಧಪೂಜೆ ಮಾಡುವ ಹಬ್ಬ, ಈ ಸಲದ ಕೈಲ್ ಮುಹೂರ್ತ ಮುಗಿದರೂ ಮಾವನ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅಂತ ನಮ್ಮ ಹುಡುಗ .315 ರೈಫಲ್ ಹಿಡಿದು ಅಭ್ಯಾಸ ಮಾಡುತ್ತಿದ್ದ. ಗುರಿ ತಪ್ಪಿದಷ್ಟೂ ಅವನಿಗೆ ಸಿಟ್ಟು, ಸಿಟ್ಟು ಬಂದಷ್ಟೂ ಬೇಗಬೇಗ ತೋಟಾ. ಒಳ್ಳೆಯ ಹುಡುಗ, ಆದರೆ ಹಿರಿಯರ ಮಾತು ಕೇಳುವ ಪೈಕಿ ಅಲ್ಲ. ಮಾವ ಬಂದು ನಳಿಕೆಯ ಹತ್ತಿರ ಅಂಗೈ ಒಡ್ಡಿ ನೋಡಿದರು.

"ಸಾಕು. ಆರಲಿ."

"ಉಕ್ಕಲ್ವಾ ಮಾವ, ಏನಾಗುತ್ತೆ?"

"ಉಕ್ಕೇ. ಅದಕ್ಕೇ ಹೇಳ್ತಿರೋದು."

ಬೋಲ್ಟ್ ತೆಗೆಸಿ, ಒಳಗೆ ತೋಟಾ ಇಲ್ಲ ಅಂತ ನೋಡಿ, ನೆರಳಲ್ಲಿ ನಿಲ್ಲಿಸಿದರು. ಕಾದ ನಳಿಕೆಯಲ್ಲಿ ತೋಟಾ ಬಿಟ್ಟರೆ ಕುದುರೆ (ಟ್ರಿಗರ್) ಎಳೆಯದೆಯೇ ಸಿಡಿಯಬಹುದು.

ಮದ್ದು ಉರಿದಾಗ ಹುಟ್ಟುವ ಗಾಳಿಯ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರ ಹೊಡೆತ ಜಾಸ್ತಿ ಬೀಳುವುದು ತೋಟಾ ಕೂರುವ ಜಾಗದ ಮುಂದೆ, ಒಳಗಿನ ತಿರುವುಗೆರೆಗಳು ಶುರುವಾಗುವಲ್ಲಿ. ಅಲ್ಲಿ ಉಕ್ಕಿನ ಮೈ ಕ್ಷಣದಲ್ಲಿ ಕಾದು ಕ್ಷಣದಲ್ಲಿ ಆರುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮುಂದಿನ ಗುಂಡುಗಳ ಬಿಸಿಗಾಳಿ ಅದನ್ನೇ ಕೊರೆಯುತ್ತಾ ಹೋಗುತ್ತದೆ. ನಿಧಾನವಾಗಿ ಹೊಡೆದರೆ ಸಾವಿರಾರು ಗುಂಡು ತಾಳುವ ನಳಿಕೆ, ಆರಲು ಬಿಡದೆ ಹೊಡೆದರೆ ತುಂಬಾ ಬೇಗ ಸವೆಯುತ್ತದೆ. ಹೊರಗಿನ ಹೊಳಪು ಮಾತ್ರ ಹಾಗೇ ಇರುತ್ತದೆ. ಬಂದೂಕು ರಿಪೇರಿ ಮಾಡುವ ಆರ್ಮರರ್ ಒಳಗೆ ಗೇಜ್ ಅನ್ನೋ ಅಳತೆ ಕಡ್ಡಿ ಇಳಿಸಿ ನೋಡಿದಾಗಲೇ ನಿಜ ಗೊತ್ತಾಗುವುದು.

ಮಾವ ಸೇನೆಯಲ್ಲಿ ಎಲ್‌ಎಂಜಿಯ, ಅಂದರೆ ಲೈಟ್ ಮೆಷಿನ್ ಗನ್ನಿನ, ನಂಬರ್ ಟೂ ಆಗಿದ್ದವರು, ಹೊಡೆಯುವವನ ಪಕ್ಕದ ಸಹಾಯಕ. ಬ್ರೆನ್ ಮಾದರಿಯ ಆ ಗನ್ನಿನ ಎರಡನೇ ನಳಿಕೆ ಹೊರುವುದು, ಬದಲಾಯಿಸುವುದು ಅವರ ಕೆಲಸ. ಬಿಡದೆ ಸುಮಾರು ಹತ್ತು ಮ್ಯಾಗಜೀನ್ (ತೋಟಾ ತುಂಬಿದ ಡಬ್ಬಿ) ಖಾಲಿಯಾದರೆ ಕೊಕ್ಕೆ ಎತ್ತಿ, ಮರದ ಹಿಡಿ ಹಿಡಿದು, ಕಾದದ್ದನ್ನು ತೆಗೆದು ತಣ್ಣಗಿನದನ್ನು ಕೂರಿಸಬೇಕು. "ಕೈ ಮರಕ್ಕೇ ಬೀಳಬೇಕು" ಅಂತ ಗಾಳಿಯಲ್ಲೇ ಮಾಡಿ ತೋರಿಸಿದರು. ಬೆರಳು ಒಂದಿಷ್ಟೂ ತಡವರಿಸಲಿಲ್ಲ.

ಉಕ್ಕಿಗೆ ಬಿಡುವಿತ್ತು, ಬದಲಿ ಇತ್ತು, ಗೇಜ್ ಇತ್ತು. ಆ ಸದ್ದಿನ ಪಕ್ಕದಲ್ಲೇ ಮಲಗಿದ್ದ ಮನುಷ್ಯನಿಗೆ? ಮಾವನಿಗೆ ಬಲಗಿವಿ ಕೇಳಿಸುವುದೇ ಇಲ್ಲ. ಮನೆಯಲ್ಲಿ ನಾವೆಲ್ಲ ಅದನ್ನು ಹಟ ಅಂದುಕೊಂಡಿದ್ದೆವು. ಗಟ್ಟಿ ಆಸಾಮಿ, ಏನಾಗುತ್ತೆ ಅಂತ ಸುಮ್ನಿದ್ದೆವು. ಹುಡುಗ ಕೇಳಿದ್ದೂ ಅದನ್ನೇ ಅಲ್ವಾ? ಗಟ್ಟಿಯಾಗಿರುವವರನ್ನು ಯಾರೂ ವಿಚಾರಿಸುವುದಿಲ್ಲ. ಅವರೂ ಹೇಳಿಕೊಳ್ಳುವುದಿಲ್ಲ.

ಮುಂದಿನ ವಾರ ಮಡಿಕೇರಿಗೆ ಕರೆದುಕೊಂಡು ಹೋಗಿ ಕಿವಿ ತೋರಿಸುತ್ತೇವೆ. ಅವರಾಗಲೇ ಬೇಡ ಅಂದಿದ್ದಾರೆ. ಆದರೂ ಹೋಗುತ್ತೇವೆ.