ಇ ಸೆವೆನ್ ಬಂದಾಗ

ದಾವಣಗೆರೆ, ರಾತ್ರಿ 10 ಗಂಟೆ. ಪಕ್ಕದಲ್ಲಿ ನರ್ಗಿಸ್ ಮಂಡಕ್ಕಿ, ತೊಡೆ ಮೇಲೆ ಗಿಟಾರ್. ಫೋನಿನಲ್ಲಿ ಎ ಮೈನರ್, ಡಿ ಮೈನರ್, ಇ ಸೆವೆನ್ ಅನ್ನೋ ಮೂರು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಸುತ್ತುತ್ತಿವೆ.

ಎರಡು ವರ್ಷದಿಂದ ನನಗೆ ಗೊತ್ತಿರುವುದು ಎ ಮೈನರ್ ಪೆಂಟಟಾನಿಕ್ ಒಂದೇ. ಎ, ಸಿ, ಡಿ, ಇ, ಜಿ. ಐದೇ ಸ್ವರ, ಎಲ್ಲಿ ಬೆರಳಿಟ್ಟರೂ ನಡೆಯುತ್ತದೆ. ಇ ಸೆವೆನ್ ಬಂದಾಗ ಮಾತ್ರ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಆ ಕಾರ್ಡ್‌ನಲ್ಲಿರುವುದು ಜಿ ಶಾರ್ಪ್, ನಾನು ಹಿಡಿದು ಕೂತಿದ್ದು ಬರೀ ಜಿ. (ಬ್ಲೂಸ್‌ನವರು ಬೇಕಂತಲೇ ಹಾಗೆ ನುಡಿಸುತ್ತಾರೆ. ನನ್ನದು ಹಾಗಲ್ಲ ಬಿಡಿ.)

ಇವತ್ತು ಆ ಕಾರ್ಡ್ ಬಂದಾಗ ಮಾತ್ರ ಜಿ ಶಾರ್ಪ್ ಇರುವ ಏಳು ಸ್ವರದ ಎ ಹಾರ್ಮೋನಿಕ್ ಮೈನರ್‌ಗೆ ಹೋದೆ. ಅಡುಗೆಮನೆಯಿಂದ ಅಮ್ಮ, "ಕೀರವಾಣಿ ರಾಗ ಅಲ್ವೇನೋ ಅದು?" ಅಂದಳು.

ಹೌದು, ಅವೇ ಏಳು ಸ್ವರ! ಹಾಗಾದರೆ ನನ್ನ ಪೆಂಟಟಾನಿಕ್ ಶುದ್ಧ ಧನ್ಯಾಸಿ ರಾಗ. ಅಮ್ಮನನ್ನು ಮೊದಲೇ ಕೇಳಬಹುದಿತ್ತು ಅಲ್ವಾ. ಮಂಡಕ್ಕಿ ಬೇರೆ ಮೆತ್ತಗಾಗಿದೆ.