ಗ್ರ್ಯಾಂಡ್ ಪೋರ್ಟೇಜ್: ತುಪ್ಪಳ ಸಾಗಿದ ಹಾದಿಯಲ್ಲಿ

ಮಿನ್ನೆಸೋಟ ರಾಜ್ಯದ ಡುಲುತ್ ಪಟ್ಟಣದಿಂದ ಸುಪೀರಿಯರ್ ಸರೋವರದ ದಂಡೆ ಹಿಡಿದು ಈಶಾನ್ಯಕ್ಕೆ ಹೋದರೆ, ಕೆನಡಾದ ಗಡಿಗೆ ತುಸು ಮೊದಲು ಗ್ರ್ಯಾಂಡ್ ಪೋರ್ಟೇಜ್ ಸಿಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದು ಮಾಂಟ್ರಿಯಲ್‌ನ ನಾರ್ತ್ ವೆಸ್ಟ್ ಕಂಪನಿಯ ತುಪ್ಪಳ ವ್ಯಾಪಾರದ ಕೇಂದ್ರವಾಗಿತ್ತು. ಪಾಲುದಾರರು ಬೇಸಿಗೆಯಲ್ಲಿ ಸಭೆ ಸೇರುತ್ತಿದ್ದ ದೊಡ್ಡ ಹಜಾರವನ್ನು ಮರದ ಕೋಟೆಗೋಡೆಯೊಳಗೆ ಮತ್ತೆ ಕಟ್ಟಿದ್ದಾರೆ. ಈ ಜಾಗ ಈಗ ರಾಷ್ಟ್ರೀಯ ಸ್ಮಾರಕ.

ಹಜಾರವನ್ನು ಬೇಗ ನೋಡಿ ಮುಗಿಸಿದೆವು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ದೋಣಿಗಳ ಕೊಟ್ಟಿಗೆ. ಬರ್ಚ್ ಮರದ ತೊಗಟೆಯನ್ನು ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಹೊಲಿಗೆಗೆ ಮರದ ಅಂಟು ಮೆತ್ತಿ ಮಾಡಿದ ಈ ದೋಣಿಗಳು ಟನ್ನಿಗೂ ಮಿಕ್ಕಿ ಸರಕು ಹೊರುತ್ತಿದ್ದವು. ವಿದ್ಯೆ ಒಜಿಬ್ವೆ ಮತ್ತಿತರ ಮೂಲನಿವಾಸಿಗಳದು. ದಾರಿ ತೋರಿದವರೂ, ಸರೋವರಗಳಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿ ಮಾರಿ ಕಂಪನಿಯ ಆಳುಗಳ ಹೊಟ್ಟೆ ತುಂಬಿಸಿದವರೂ ಅವರೇ.

ಈ ತುಪ್ಪಳ ಕೊಳ್ಳುತ್ತಿದ್ದ ಯುರೋಪಿನ ಟೋಪಿ ತಯಾರಕರಿಗೆ ಬೇಕಿದ್ದುದು ನೀರಿನಲ್ಲಿ ಈಜಾಡುವ ದಂಶಕ ಪ್ರಾಣಿ ಬೀವರ್‌ನ ಒರಟು ಹೊರಗೂದಲಲ್ಲ, ಅದರಡಿಯ ಮೃದು ತುಪ್ಪಳ. ಅದರ ಎಳೆಗಳಲ್ಲಿರುವ ಸೂಕ್ಷ್ಮ ಕೊಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಫೆಲ್ಟ್, ಅಂದರೆ ನೇಯದೆ ಒತ್ತಿ ಮಾಡಿದ ಬಟ್ಟೆ, ಆಗುತ್ತಿತ್ತು. ಮೂಲನಿವಾಸಿಗಳು ಕೂದಲನ್ನು ಒಳಮುಖವಾಗಿಸಿ ತೊಟ್ಟ ಹಳೆಯ ಮೇಲಂಗಿಗಳಲ್ಲಿ ಒರಟು ಕೂದಲು ತಾನಾಗಿ ಉದುರಿ, ತುಪ್ಪಳಕ್ಕೆ ಮೈಯ ಜಿಡ್ಡು ಹಿಡಿದಿರುತ್ತಿದ್ದುದರಿಂದ, ವ್ಯಾಪಾರದ ಮೊದಲ ಕಾಲದಲ್ಲಿ ಹೊಸ ತೊಗಲಿಗಿಂತ ಅವುಗಳಿಗೇ ಹೆಚ್ಚು ಬೆಲೆಯಿತ್ತು. ಉಟ್ಟು ಬಿಟ್ಟ ಬಟ್ಟೆಗೆ ತಾಮ್ರದ ಹಂಡೆ, ಕಬ್ಬಿಣದ ಕೊಡಲಿ ಸಿಗುವುದಾದರೆ ಯಾರಿಗೆ ಬೇಡ! ಮೂಲನಿವಾಸಿಗಳೆಂದರೆ ಗಾಜಿನ ಮಣಿಗೆ ಮರುಳಾದ ಮುಗ್ಧರು ಎಂಬ ಕಥೆಯನ್ನು ನಾನು ಆಮೇಲೆ ನಂಬಲಿಲ್ಲ. ಹಾಗೆಂದು ವ್ಯಾಪಾರ ಸಮಬಲದ್ದಾಗಿ ಉಳಿಯಲೂ ಇಲ್ಲ. ಪೈಪೋಟಿಗೆ ಬಿದ್ದ ಕಂಪನಿಗಳು ರಮ್ ಹರಿಸಿದವು, ಸಾಲ ಬೆಳೆಯಿತು, ಬೀವರ್ ಬತ್ತಿತು. 1780ರ ದಶಕದ ಆರಂಭದಲ್ಲಿ ಸಿಡುಬು ಬೀಡುಬೀಡುಗಳನ್ನೇ ಬರಿದು ಮಾಡಿತು.

ಒಳನಾಡಿಗೆ ದೋಣಿ ಸಾಗುವ ಪಿಜನ್ ನದಿಯ ಕೆಳಭಾಗದಲ್ಲಿ ಜಲಪಾತಗಳಿರುವುದರಿಂದ ಸರಕನ್ನೆಲ್ಲ ಸುಮಾರು 13.7 ಕಿ.ಮೀ. ಹೊತ್ತು ಸಾಗಿಸಬೇಕಿತ್ತು. ಹಣೆಗೆ ಅಡ್ಡಲಾಗಿ ಚರ್ಮದ ಪಟ್ಟಿ ಬಿಗಿದು, ತಲಾ 41 ಕಿಲೋದ ಎರಡು ಮೂಟೆಗಳನ್ನು ಒಬ್ಬನೇ ಬೆನ್ನಿಗೇರಿಸುತ್ತಿದ್ದನಂತೆ. ಬರಿಗೈಯಲ್ಲಿ ಹೊರಟ ನಮ್ಮನ್ನು ಸೊಳ್ಳೆಗಳು ಅರ್ಧದಾರಿಯೊಳಗೇ ಹಿಂದಕ್ಕಟ್ಟಿದವು.

ಅಮೆರಿಕದ ಸುಂಕ ತಪ್ಪಿಸಿಕೊಳ್ಳಲು ಕಂಪನಿ 1803ರ ಹೊತ್ತಿಗೆ ಗಡಿಯಾಚೆಗೆ ಬಿಡಾರ ಬದಲಿಸಿತು. ಒಜಿಬ್ವೆಗಳು ಇಲ್ಲೇ ಉಳಿದರು. 1854ರ ಒಪ್ಪಂದದಲ್ಲಿ ಸರೋವರದ ಉತ್ತರ ದಂಡೆಯನ್ನು ಬಿಟ್ಟುಕೊಟ್ಟ ಅವರ ಪಾಲಿಗೆ ಮೀಸಲು ನೆಲವೊಂದು ಉಳಿಯಿತು. ಸ್ಮಾರಕಕ್ಕೆ ಜಾಗ ಕೊಟ್ಟವರೂ ಅವರೇ. 1999ರಿಂದ ಸ್ಮಾರಕದ ಆಡಳಿತದಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ಜೊತೆ ಅವರಿಗೂ ಪಾಲಿದೆ. ಕಟ್ಟಡಗಳ ದುರಸ್ತಿ, ಕಾಲುದಾರಿಯ ನಿರ್ವಹಣೆ ಅವರ ಕೈಯಲ್ಲಿದೆ. ಅದರ ಖರ್ಚು ಅಮೆರಿಕ ಸರ್ಕಾರದ್ದು.