ನಿಕೋಸಿಯಾದ ಹಸಿರು ಗೆರೆಯ ಆಚೀಚೆ

ಸೈಪ್ರಸ್ಸಿನ ರಾಜಧಾನಿ ನಿಕೋಸಿಯಾದ ಲೆದ್ರಾ ಬೀದಿಯಲ್ಲಿ ಅಂಗಡಿಗಳ ಸಾಲು ಮುಗಿಯುತ್ತಿದ್ದಂತೆ ಪೊಲೀಸ್ ಚೌಕಿಯೊಂದು ಎದುರಾಗುತ್ತದೆ. ಅಲ್ಲಿ ಪಾಸ್‌ಪೋರ್ಟ್ ತೋರಿಸಿ, ಸ್ವಲ್ಪ ದೂರ ನಡೆದು, ಇನ್ನೊಂದು ಚೌಕಿಯಲ್ಲಿ ಮತ್ತೆ ತೋರಿಸಿ ನಾವು ನಗರದ ಉತ್ತರ ಭಾಗಕ್ಕೆ ದಾಟಿದೆವು. ನಡುವಿನ ತುಂಡು ನೆಲ ವಿಶ್ವಸಂಸ್ಥೆಯ ನಿಗಾದಲ್ಲಿದ್ದು, ಪಕ್ಕದ ಓಣಿಗಳಿಗೆ ಅಡ್ಡಲಾಗಿ ಎಬ್ಬಿಸಿದ ಗೋಡೆ ಮತ್ತು ತುಕ್ಕು ಹಿಡಿದ ಪೀಪಾಯಿಗಳ ಹಿಂದೆ ದಶಕಗಳಿಂದ ಪಾಳುಬಿದ್ದ ಮನೆಗಳಿವೆ.

1963ರ ಡಿಸೆಂಬರಿನಲ್ಲಿ ದ್ವೀಪದ ಎರಡು ಸಮುದಾಯಗಳಾದ ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟ್ಟರ ನಡುವೆ ಹಿಂಸೆ ಭುಗಿಲೆದ್ದಾಗ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕಾಶೆಯ ಮೇಲೆ ಹಸಿರು ಪೆನ್ಸಿಲಿನಿಂದ ಎಳೆದ, ನಗರವನ್ನು ಎರಡಾಗಿಸಿದ ಗೆರೆಯಿದು. ಮರುವರ್ಷ ಬಂದ ವಿಶ್ವಸಂಸ್ಥೆಯ ಶಾಂತಿಪಡೆಗೆ ದಂಡನಾಯಕರಾದವರಲ್ಲಿ ಕೊಡಗಿನ ಜನರಲ್ ತಿಮ್ಮಯ್ಯನವರೂ ಒಬ್ಬರು. 1965ರಲ್ಲಿ ಅವರು ಕರ್ತವ್ಯದಲ್ಲಿರುವಾಗಲೇ ಇಲ್ಲಿ ನಿಧನರಾದರು ಎಂಬುದನ್ನು ಆ ಓಣಿಗಳಲ್ಲಿ ನಡೆಯುವಾಗ ಗೌರವದಿಂದ ನೆನೆದೆ.

1974ರಲ್ಲಿ ತುರ್ಕಿಯ ಸೇನೆ ಬಂದಿಳಿದ ನಂತರ ಗೆರೆ ದ್ವೀಪದ ಉದ್ದಕ್ಕೂ ಸುಮಾರು 180 ಕಿ.ಮೀ. ಚಾಚಿತು. 1983ರಲ್ಲಿ ತುರ್ಕಿ ಸೈಪ್ರಿಯಟ್ಟರ ಉತ್ತರ ಭಾಗ ಸ್ವತಂತ್ರ ಗಣರಾಜ್ಯವೆಂದು ಘೋಷಿಸಿಕೊಂಡಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ 541ನೇ ನಿರ್ಣಯದಲ್ಲಿ ಅದನ್ನು ಅಸಿಂಧುವೆಂದಿತು. ವಿಶ್ವಸಂಸ್ಥೆಯ ಮಧ್ಯಸ್ಥಿಕೆಯ ಇಕ್ಕಟ್ಟು ಇಲ್ಲಿಯೇ ಇದೆ: ಒಂದು ಪಕ್ಷದ ಘೋಷಣೆಯನ್ನು ತಳ್ಳಿಹಾಕಿದ ಸಂಸ್ಥೆಯೇ ಆ ಪಕ್ಷದ ನಾಯಕರನ್ನು ಸರಿಸಮಾನರೆಂದು ಮಾತುಕತೆಗೆ ಕೂರಿಸಬೇಕು. 2004ರಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರ ದ್ವೀಪ ಏಕೀಕರಣದ ಯೋಜನೆಯನ್ನು ಜನಮತಕ್ಕೆ ಹಾಕಿದಾಗ ತುರ್ಕಿ ಸೈಪ್ರಿಯಟ್ಟರಲ್ಲಿ ಶೇ. 65ರಷ್ಟು ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ. 76ರಷ್ಟು ಮಂದಿ ತಿರಸ್ಕರಿಸಿದರು. 2017ರ ಸ್ವಿಟ್ಜರ್‌ಲೆಂಡ್ ಮಾತುಕತೆಯೂ ಮುರಿದುಬಿತ್ತು.

ಆದರೂ ಮಧ್ಯಸ್ಥಿಕೆ ವ್ಯರ್ಥವಾಯಿತೆಂದು ನಾನು ಹೇಳಲಾರೆ. ನಗರ ಎರಡಾದರೂ ಅದರ ಒಳಚರಂಡಿ ಒಂದೇ. ಎರಡೂ ಕಡೆಯ ಮೇಯರ್‌ಗಳು 1970ರ ದಶಕದ ಕೊನೆಗೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅದನ್ನು ಜಂಟಿಯಾಗಿ ನಡೆಸಲು ಒಪ್ಪಿದರು. ಇಂದಿಗೂ ದಕ್ಷಿಣದ ಕೊಳಚೆ ನೀರು ಉತ್ತರದ ಘಟಕದಲ್ಲಿ ಶುದ್ಧವಾಗುತ್ತದೆ.

ಇದಕ್ಕಿಂತ ಕಷ್ಟದ ಕೆಲಸ, ಆ ಸಂಘರ್ಷಗಳಲ್ಲಿ ಕಾಣೆಯಾದವರನ್ನು ಹುಡುಕುವ ನಾಪತ್ತೆಯಾದವರ ಸಮಿತಿಯದು. ಅದರಲ್ಲಿ ಎರಡೂ ಸಮುದಾಯಗಳಿಂದ ಒಬ್ಬೊಬ್ಬ ಸದಸ್ಯರಿದ್ದಾರೆ. ಮೂರನೆಯವರನ್ನು ರೆಡ್‌ಕ್ರಾಸ್ ಆರಿಸುತ್ತದೆ, ವಿಶ್ವಸಂಸ್ಥೆ ನೇಮಿಸುತ್ತದೆ. ಪಟ್ಟಿಯಲ್ಲಿದ್ದ 2002 ಮಂದಿಯ ಪೈಕಿ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿ ಕುಟುಂಬಗಳಿಗೆ ಒಪ್ಪಿಸಲಾಗಿದೆ. ಕೊಂದವರು ಯಾರೆಂದು ಸಮಿತಿ ಹೇಳುವಂತಿಲ್ಲ. ನ್ಯಾಯ ಬೇಡುವ ಮನೆಯವರಿಗೆ ಇದು ಎಷ್ಟು ನೋವಿನ ಷರತ್ತು! ಆದರೆ ಆ ಷರತ್ತು ಇಲ್ಲದಿದ್ದರೆ, ಹೆಣಗಳನ್ನು ಹೂತ ಜಾಗ ಬಲ್ಲ ಮುದುಕರು ಬಾಯಿ ಬಿಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆ ಮುದುಕರೂ ಈಗ ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವುದರಿಂದ, ಉಳಿದವರನ್ನು ಹುಡುಕುವ ಕೆಲಸ ಅಂತಿಮ ಒಪ್ಪಂದಕ್ಕಾಗಿ ಕಾಯುವಂತಿಲ್ಲ.